ಹಳೆಯ ಬ್ರಿಟಿಷ್ ನಾಣ್ಯಗಳು: ಯಾವುದು ಬೆಳ್ಳಿ, ಯಾವುದಕ್ಕೆ ಬೆಲೆ?

ಮಸೂರ:
ಸುಮಾರು ಮೂವತ್ತು ನಾಣ್ಯ ವಿಂಗಡಿಸಬೇಕಿದೆ. 1875ರಿಂದ 1936ರವರೆಗಿನ ದೊಡ್ಡ ಕಂಚಿನ ಪೆನ್ನಿಗಳು, 1919 ಮತ್ತು 1921ರ ಹಾಫ್ ಕ್ರೌನ್ (ಎರಡೂವರೆ ಶಿಲ್ಲಿಂಗ್ ನಾಣ್ಯ), 1948ರ ಒಂದು ಶಿಲ್ಲಿಂಗ್ ನಾಣ್ಯ ಎರಡು (ಎರಡರ ಸಿಂಹವೂ ಬೇರೆ ಬೇರೆ!). ಇನ್ನೊಂದು ಬಿಳಿ ನಾಣ್ಯದಲ್ಲಿ ಕಿರೀಟ ತೊಟ್ಟ ರಾಣಿ, ಸುತ್ತ ಗೋಥಿಕ್ ಅಕ್ಷರ. ಇಸವಿ ಎಲ್ಲೂ ಕಾಣುತ್ತಿಲ್ಲ. ಬೆಳ್ಳಿ ಯಾವುದು, ಅಪರೂಪದ್ದು ಯಾವುದು? ಪೆನ್ನಿಗಳು ಕಪ್ಪಾಗಿವೆ, ತಿಕ್ಕಿ ತೊಳೆಯಬಹುದೇ?

ತಕ್ಕಡಿ:
ಕೊನೆಯದಕ್ಕೆ ಮೊದಲು ಉತ್ತರ: ತೊಳೆಯಲೇಬೇಡಿ. ನಿಂಬೆಹುಳಿ, ಬ್ರಷ್, ಪಾಲಿಷ್ ಯಾವುದೂ ಬೇಡ. ಆ ಕಂದು ಪದರ ಹೋದರೆ ಕಂಚು ಗುಲಾಬಿಯಾಗಿ ಹೊಳೆಯುತ್ತದೆ, ಕೊಳ್ಳುವವನು ಕಂಡ ತಕ್ಷಣ ದರ ಇಳಿಸುತ್ತಾನೆ. ಮಣ್ಣು ಅಂಟಿದ್ದರೆ ಶುದ್ಧ ನೀರಿನಲ್ಲಿ ನೆನೆಸಿ, ಒರೆಸದೆ ಬಟ್ಟೆಯಿಂದ ಒತ್ತಿ ಒಣಗಿಸಿ. ಅಷ್ಟೇ.

ಬೆಳ್ಳಿಯನ್ನು ಇಸವಿಯೇ ಹೇಳುತ್ತದೆ. 1919ರವರೆಗೆ 92.5%, 1920ರಿಂದ 1946ರವರೆಗೆ 50%, 1947ರಿಂದ ಚಲಾವಣೆಯ ನಾಣ್ಯಗಳಲ್ಲಿ ಬೆಳ್ಳಿಯೇ ಇಲ್ಲ, ತಾಮ್ರ-ನಿಕ್ಕಲ್. ಹಾಫ್ ಕ್ರೌನ್ ತೂಕ 14.14 ಗ್ರಾಂ. ಹಾಗಾಗಿ ನಿಮ್ಮ 1919ರದ್ದರಲ್ಲಿ 13.08 ಗ್ರಾಂ ಬೆಳ್ಳಿ, 1921ರದ್ದರಲ್ಲಿ 7.07 ಗ್ರಾಂ ಮಾತ್ರ. ಮಾರುವ ದಿನದ ಬೆಳ್ಳಿ ದರದಿಂದ ಗುಣಿಸಿದರೆ ಸಿಗುವುದು ಲೋಹದ ಬೆಲೆ. ವ್ಯಾಪಾರಿ ಅದಕ್ಕಿಂತ ಸ್ವಲ್ಪ ಕಡಿಮೆ ಕೊಡುತ್ತಾನೆ. ಕೈಯಿಂದ ಕೈಗೆ ಓಡಾಡಿ ಸವೆದ ನಾಣ್ಯ ಅರ್ಧ ಗ್ರಾಂ ಕಡಿಮೆ ತೂಗಿದರೆ ಗಾಬರಿ ಬೇಡ.

1948ರ ಶಿಲ್ಲಿಂಗ್‌ಗಳಲ್ಲಿ ದೋಷವೇನೂ ಇಲ್ಲ. ಕಿರೀಟದ ಮೇಲೆ ನಿಂತ ಸಿಂಹ ಇಂಗ್ಲಿಷ್ ವಿನ್ಯಾಸ, ಕತ್ತಿ ಹಿಡಿದು ಎದುರಿಗೆ ನೋಡುತ್ತ ಕುಳಿತದ್ದು ಸ್ಕಾಟಿಷ್. ಎರಡೂ ಸಾಮಾನ್ಯವೇ.

ಟಂಕಸಾಲೆ:
ಇಸವಿ ಕಾಣದ್ದು ಬಹುಶಃ ಗೋಥಿಕ್ ಫ್ಲೋರಿನ್, ಅಂದರೆ ಎರಡು ಶಿಲ್ಲಿಂಗ್ ಮೌಲ್ಯದ ನಾಣ್ಯ. ಇಸವಿ ರಾಣಿಯ ಸುತ್ತಲಿನ ಬರಹದ ಕೊನೆಯಲ್ಲೇ, ರೋಮನ್ ಅಂಕಿಗಳಲ್ಲಿ, ಸಣ್ಣಕ್ಷರದಲ್ಲಿ ಇರುತ್ತದೆ. ಎಂ ಡಿ ಸಿ ಸಿ ಸಿ ಎಂದರೆ 1800, ಆಮೇಲೆ ಎಲ್ ಎಂದರೆ 50, ಒಂದೊಂದು ಎಕ್ಸ್‌ಗೂ 10. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರ ಹಿಡಿದು, ಬೆಳಕನ್ನು ಪಕ್ಕದಿಂದ ಬೀಳಿಸಿ ಓದಿ. ತೂಕ 11.31 ಗ್ರಾಂ ಹತ್ತಿರ ಬರಬೇಕು.

ಪೆನ್ನಿಗಳಲ್ಲಿ ವಯಸ್ಸು ಬೆಲೆ ತರುವುದಿಲ್ಲ, ಅಕ್ಷರ ತರುತ್ತದೆ. ಬರ್ಮಿಂಗ್‌ಹ್ಯಾಮ್‌ನ ಹೀಟನ್ ಟಂಕಸಾಲೆಯ ಗುರುತು 'ಎಚ್'. 1874-76, 1881-82ರಲ್ಲಿ ಅದು ಇಸವಿಯ ಕೆಳಗೆ. 1912, 1918, 1919ರಲ್ಲಿ ಇಸವಿಯ ಎಡಕ್ಕೆ. ಕಿಂಗ್ಸ್ ನಾರ್ಟನ್ ಎಂಬ ಇನ್ನೊಂದು ಟಂಕಸಾಲೆಯ ಗುರುತು 'ಕೆಎನ್' 1918 ಮತ್ತು 1919ರಲ್ಲಿ ಮಾತ್ರ. 1912ರ 'ಎಚ್' ಅಷ್ಟೇನೂ ಅಪರೂಪವಲ್ಲ. 'ಕೆಎನ್' ಸಿಕ್ಕರೆ ಪಕ್ಕಕ್ಕೆ ಇಡಿ. 1882ರಲ್ಲಿ ವಿಷಯ ತಲೆಕೆಳಗು: 'ಎಚ್' ಇಲ್ಲದ್ದೇ ಬಹಳ ದುರ್ಲಭ. ಆದ್ದರಿಂದಲೇ ಅಕ್ಷರ ಕೆರೆದು ತೆಗೆದ ನಾಣ್ಯಗಳೂ ಮಾರಾಟಕ್ಕೆ ಬರುತ್ತವೆ; ಇಸವಿಯ ಕೆಳಗೆ ಗೀರು, ತಗ್ಗು ಕಂಡರೆ ಬಿಟ್ಟುಬಿಡಿ.

ತಕ್ಕಡಿ:
1933ರ ಪೆನ್ನಿಯ ಬಗ್ಗೆಯೂ ಎಚ್ಚರ. ಏಳು ಮಾತ್ರ ಇರುವುದು ಗೊತ್ತಿದೆ, ಆದರೂ ದಿನಾ ಯಾರಾದರೂ ಒಂದನ್ನು 'ಪತ್ತೆ' ಹಚ್ಚುತ್ತಾರೆ. ಬೇರೆ ಇಸವಿಯ ಕೊನೆಯ ಅಂಕಿ ತಿದ್ದಿರುತ್ತಾರೆ. ಇಸವಿಯಲ್ಲಿರುವ ಎರಡೂ '3'ಗಳನ್ನು ಮಸೂರದಡಿ ಹೋಲಿಸಿದರೆ ಗೊತ್ತಾಗುತ್ತದೆ. ಅಂಚಿನ ಸುತ್ತ ಗೆರೆಯಂಥ ಬೆಸುಗೆ ಕಂಡರೆ ಅದು ಎರಕದ ನಕಲು.

1905ರ ಹಾಫ್ ಕ್ರೌನ್‌ನಂಥ ದುರ್ಲಭ ಬೆಳ್ಳಿ ನಾಣ್ಯಗಳ ನಕಲನ್ನು ನೀರಿನಿಂದ ಪರೀಕ್ಷಿಸಿ: 0.01 ಗ್ರಾಂ ತೋರಿಸುವ ತಕ್ಕಡಿ ಮೇಲೆ ಲೋಟ ನೀರಿಟ್ಟು ಸೊನ್ನೆ ಮಾಡಿ, ನಾಣ್ಯವನ್ನು ದಾರದಲ್ಲಿ ಕಟ್ಟಿ ತಳ-ಗೋಡೆ ಮುಟ್ಟದಂತೆ ಮುಳುಗಿಸಿ. 14.14 ಗ್ರಾಂನ 92.5% ಬೆಳ್ಳಿಗೆ ತಕ್ಕಡಿ 1.37ರ ಆಸುಪಾಸು ತೋರಿಸಬೇಕು, ತಾಮ್ರ-ನಿಕ್ಕಲ್ ಆದರೆ 1.59. ಗಾಳಿಗುಳ್ಳೆ ಅಂಟಿಕೊಂಡರೆ ಲೆಕ್ಕ ತಪ್ಪುತ್ತದೆ, ಮೆಲ್ಲಗೆ ಅಲ್ಲಾಡಿಸಿ.

ಮಸೂರ:
ಫ್ಲೋರಿನ್ ಓದಿದೆ: ಎಂ ಡಿ ಸಿ ಸಿ ಸಿ ಎಲ್ ಎಕ್ಸ್ ಎಕ್ಸ್ ಐ ಐ, 1872. 1919ರ ಹಾಫ್ ಕ್ರೌನ್ ನೀರಿನಲ್ಲಿ 1.37 ತೋರಿಸಿತು. 1875ರ ಪೆನ್ನಿಯಲ್ಲಿ ಇಸವಿಯ ಕೆಳಗೆ ಸವೆದ 'ಎಚ್' ಇದೆ.

ಟಂಕಸಾಲೆ:
1875ರ 'ಎಚ್' ಆ ಕಾಲದ ಪೆನ್ನಿಗಳಲ್ಲಿ ಕಡಿಮೆ ಸಿಗುವಂಥದ್ದು, ರಾಶಿಯ ಜೊತೆ ಮಾರಬೇಡಿ. ಎರಡೂ ಬದಿಯ ಫೋಟೊ ನೇರವಾಗಿ, ಇಸವಿಯದ್ದು ಹತ್ತಿರದಿಂದ ತೆಗೆದು ಹರಾಜು ಸಂಸ್ಥೆಗೆ ಕಳಿಸಿ. ಮಾರಾಟದ ಕಮಿಷನ್ ಎಷ್ಟು ಎಂದು ಮೊದಲೇ ಕೇಳಿ. ಕ್ಯಾಟಲಾಗ್ ಬೆಲೆ ಅಂಗಡಿಯವನು ಮಾರುವ ದರ, ನಿಮ್ಮ ಕೈಗೆ ಬರುವುದಲ್ಲ. 'ಎಚ್' ಸವೆದಿದ್ದರೆ ದರ್ಜೆ ಕೆಳಗಿನದ್ದೇ ಇದ್ದೀತು, ಸಾಧಾರಣ ಪೆನ್ನಿಗಿಂತ ಹೆಚ್ಚಂತೂ ಹೌದು.