ಮನೆಯಲ್ಲೇ ಹಾಯಿದೋಣಿ: ಹೆಬ್ಬಲಸೋ, ಪ್ಲೈವುಡ್ಡೋ?

ಸ್ವರ್ಣಾತೀರ:
ನಾನು ನಿವೃತ್ತ ಶಾಲಾ ಮಾಸ್ತರ. ಮನೆ ಕೆಮ್ಮಣ್ಣಿನಲ್ಲಿ, ಹಿತ್ತಿಲು ದಾಟಿದರೆ ಸ್ವರ್ಣಾ ನದಿ. ಇಬ್ಬರು ಕೂರುವ ಹನ್ನೊಂದು ಅಡಿಯ ಹಾಯಿದೋಣಿಯನ್ನು ಕೊಟ್ಟಿಗೆಯಲ್ಲೇ ಕಟ್ಟಬೇಕೆಂದಿದ್ದೇನೆ. ಇಂಜಿನ್ ಬೇಡ. ಬೆಳಗಿನ ನೆಲಗಾಳಿಗೆ ನದಿ ಕಡಲು ಸೇರುವ ಕೋಡಿ ಬೆಂಗ್ರೆಯತ್ತ ಹೋಗಿ, ಮಧ್ಯಾಹ್ನದ ಕಡಲಗಾಳಿಗೆ ಮರಳಬೇಕೆಂಬುದು ಬಹಳ ವರ್ಷಗಳ ಆಸೆ. ನಮ್ಮದೇ ತೋಟದ ಹೆಬ್ಬಲಸಿನ ಹಲಗೆಗಳು ಅಟ್ಟದಲ್ಲಿ ಒಣಗಿ ನಿಂತಿವೆ. ಇಡೀ ದೋಣಿಗೆ ಅವೇ ಆಗುತ್ತವೆಯೇ? ಜೂನ್‌ನಲ್ಲೇ ಕೆಲಸ ಹಿಡಿಯಬಹುದೇ? ದೋಣಿಯನ್ನು ನದಿಯಲ್ಲಿ ಬಿಡುವುದಿಲ್ಲ, ಪ್ರತಿ ಸಲವೂ ಮನೆಗೆ ಎಳೆದು ತರುತ್ತೇನೆ.

ಕೂಳೂರು ಬಡಗಿ:
ಮಾಸ್ಟ್ರೇ, ಹೆಬ್ಬಲಸು ದೋಣಿಗೆ ಹೇಳಿ ಮಾಡಿಸಿದ ಮರ. ಆದರೆ ದೋಣಿ ಮನೆಯಲ್ಲಿರುತ್ತದೆ ಎಂದಿರಲ್ಲ, ಅಲ್ಲಿಗೆ ತೀರ್ಮಾನವಾಯಿತು. ಹಲಗೆಯ ದೋಣಿ ನೀರಿನಲ್ಲಿದ್ದರೆ ಮರ ಉಬ್ಬಿ ಸಂದು ಬಿಗಿಯುತ್ತದೆ. ಮಾರ್ಚ್ ಬಿಸಿಲಿಗೆ ಅಂಗಳದಲ್ಲಿ ಒಣಗಿದರೆ ಸಂದುಗಳೆಲ್ಲ ಬಾಯಿ ಬಿಡುತ್ತವೆ. ನಿಮಗೆ 6 ಮಿ.ಮೀ. ಮರೈನ್ ಪ್ಲೈವುಡ್ಡೇ ಸರಿ. ಮರೈನ್ ಪ್ಲೈವುಡ್ಡಿನ ಭಾರತೀಯ ಮಾನದಂಡವಾದ ಐಎಸ್ 710ರ ಮುದ್ರೆ ಇರಲಿ, ಆದರೆ ಮುದ್ರೆಯೊಂದನ್ನೇ ನಂಬಬೇಡಿ. ಆ ಮಾನದಂಡದಲ್ಲಿ 72 ಗಂಟೆ ಕುದಿಸುವ ಪರೀಕ್ಷೆಯೇ ಇದೆ. ನೀವೂ ಒಂದು ತುಂಡನ್ನು ಹಂಡೆಯಲ್ಲಿ ಕುದಿಸಿ, ಪದರ ಬಿಟ್ಟರೆ ಅಂಗಡಿಗೆ ಹಿಂತಿರುಗಿಸಿ.

ನಕ್ಷೆಗೆ ಬ್ರಿಟನ್ನಿನ 'ಮಿರರ್' ದೋಣಿಯನ್ನು ನೋಡಿ. 1962ರಲ್ಲಿ ಜಾಕ್ ಹೋಲ್ಟ್ ಮತ್ತು ಬ್ಯಾರಿ ಬಕ್ನೆಲ್ ಮನೆಯಲ್ಲಿ ಕಟ್ಟುವವರಿಗೆಂದೇ ರೂಪಿಸಿದ್ದು. ಉದ್ದ 3.3 ಮೀಟರ್, ಹೆಚ್ಚುಕಡಿಮೆ ನಿಮ್ಮ ಹನ್ನೊಂದು ಅಡಿ. ಪ್ಲೈವುಡ್ಡಿನ ಅಂಚುಗಳಿಗೆ ತೂತು ಕೊರೆದು, ತಾಮ್ರದ ತಂತಿಯಿಂದ ಹೊಲಿದು, ಸಂದಿಗೆ ಅಂಟು ಮತ್ತು ಗಾಜುನಾರಿನ ಪಟ್ಟಿ ಹಾಕುವ ವಿಧಾನ. ತೆಂಗಿನ ಹುರಿಯಿಂದ ಹಲಗೆ ಹೊಲಿದು ದೋಣಿ ಕಟ್ಟಿದ ಕರಾವಳಿಯವರಿಗೆ ಇದು ಹೊಸತೇನಲ್ಲ. ಹೆಬ್ಬಲಸನ್ನು ಅಂಚುಪಟ್ಟಿಗೆ, ಚುಕ್ಕಾಣಿಗೆ ಇಟ್ಟುಕೊಳ್ಳಿ.

ಗಂಗೊಳ್ಳಿಯವ:
ಮಳೆಗಾಲದ ಬಗ್ಗೆ ನಾನು ಹೇಳುತ್ತೇನೆ. ಅಳತೆ ಹಾಕುವುದು, ಕೊಯ್ಯುವುದು, ತೂತು ಕೊರೆಯುವುದು ಇವನ್ನೆಲ್ಲ ಆಟಿ ತಿಂಗಳಲ್ಲೇ (ಜುಲೈ-ಆಗಸ್ಟ್) ಮುಗಿಸಿ. ಸಂದಿಗೆ ಹಾಕುವ ಎಪಾಕ್ಸಿ ಅಂಟಿನ ಡಬ್ಬಿಯನ್ನು ಮಾತ್ರ ತೆರೆಯಲೇಬೇಡಿ. ತೇವದ ಗಾಳಿಯಲ್ಲಿ ಅದರ ಮೇಲೆ ಜಿಡ್ಡಿನ ಪೊರೆ ಕಟ್ಟುತ್ತದೆ, ಮುಂದಿನ ಪದರ ಹಿಡಿಯುವುದಿಲ್ಲ. ಮರದ ತೇವ ಶೇ. 12ರ ಆಸುಪಾಸಿಗೆ ಇಳಿದಿರಬೇಕು. ನಮ್ಮ ಜುಲೈಯಲ್ಲಿ ಅದು ಆಗದ ಮಾತು. ಡಿಸೆಂಬರ್, ಜನವರಿ ಪ್ರಶಸ್ತ. ಆಗಲೂ ಸ್ವಲ್ಪ ಸ್ವಲ್ಪವೇ ಕಲಸಿ ಅಗಲದ ತಟ್ಟೆಗೆ ಸುರಿಯಿರಿ, ಪಾತ್ರೆಯಲ್ಲೇ ಉಳಿದರೆ ಕಾದು ಗಟ್ಟಿಯಾಗಿಬಿಡುತ್ತದೆ. ಕಬ್ಬಿಣದ ಮೊಳೆ ಒಂದೂ ಬೇಡ.

ಇನ್ನೊಂದು ವಿಷಯ. ತಿಮ್ಮಣ್ಣ ಕುದ್ರುವಿನ ತೂಗುಸೇತುವೆ ನಿಮ್ಮ ದಾರಿಯಲ್ಲಿದ್ದರೆ ಕೂವೆಯ (ಹಾಯಿ ಕಟ್ಟುವ ಕಂಬದ) ಎತ್ತರವನ್ನು ಈಗಲೇ ಯೋಚಿಸಿ. ಮಿರರ್‌ನ ಕೂವೆ ಗಿಡ್ಡ; ಹಾಯಿಯ ಮೇಲ್ಭಾಗವನ್ನು ಇನ್ನೊಂದು ಕೋಲು ಎತ್ತಿ ಹಿಡಿಯುತ್ತದೆ, ಹಗ್ಗ ಸಡಿಲಿಸಿದರೆ ಕೆಳಗಿಳಿಯುತ್ತದೆ.

ಸ್ವರ್ಣಾತೀರ:
ಇಬ್ಬರಿಗೂ ಕೃತಜ್ಞತೆಗಳು. ಅಂಟಿನ ಕೆಲಸಕ್ಕೆ ಡಿಸೆಂಬರ್‌ವರೆಗೆ ಕಾಯುತ್ತೇನೆ. ಹಾಯಿಗೆ ಟಾರ್ಪಾಲು ಸಾಕೇ?

ಕೂಳೂರು ಬಡಗಿ:
ಮೊದಲ ಹಾಯಿಗೆ ಸಾಕು, ಪಾಲಿಯೆಸ್ಟರ್ ದಾರದಲ್ಲಿ ಹೊಲಿಸಿ. ಟಾರ್ಪಾಲು ಬಿಸಿಲಿಗೆ ಬೇಗ ಪುಡಿಯಾಗುವ ವಸ್ತು, ಬಳಸದಾಗ ಒಳಗಿಡಿ. ಮುಂದೆ, ಹಿಂದೆ ಗಾಳಿ ತುಂಬಿದ ಮುಚ್ಚಿದ ಕೋಣೆಗಳನ್ನು ಮಾತ್ರ ಕೈಬಿಡಬೇಡಿ, ದೋಣಿ ಮಗುಚಿದರೂ ನಿಮ್ಮನ್ನು ತೇಲಿಸುವುದು ಅವೇ.