ಗಡ್ಡದ ಅಜ್ಜನ ಮಣ್ಣಿನ ಪೈಪ್: ಅಸಲಿಯೋ, ಅಂಟಿಸಿದ್ದೋ?

ಬ್ರಸೆಲ್ಸ್ ಹುಡುಗ:
ಕೆಲಸಕ್ಕೆಂದು ಬ್ರಸೆಲ್ಸ್‌ನಲ್ಲಿದ್ದೇನೆ. ಭಾನುವಾರ ಹಳೇ ಸಾಮಾನಿನ ಸಂತೆಯಲ್ಲಿ 12 ಯೂರೋ ಕೊಟ್ಟು ಒಂದು ಮಣ್ಣಿನ ಪೈಪ್ ತಂದೆ. ತಂಬಾಕು ತುಂಬುವ ಬಟ್ಟಲೇ ಒಂದು ತಲೆ. ಉದ್ದ ಗಡ್ಡ, ಪೇಟ. ಪೇಟದ ಮೇಲೆ ಫ್ರೆಂಚಿನಲ್ಲಿ ‘ನಾನೇ ನಿಜವಾದ ಜೇಕಬ್’ ಅಂತ ಇದೆ. ಕೊಳವೆಯ ಮೇಲೆ ‘ಗಾಂಬಿಯೆ, ಪ್ಯಾರಿಸ್’. ಆದರೆ ಮೂಗಿನ ಮೇಲಿಂದ ಗಡ್ಡದ ತನಕ ಸಣ್ಣ ಗೆರೆ ಇದೆ. ಒಡೆದದ್ದನ್ನು ಅಂಟಿಸಿ ನನಗೇ ಟೋಪಿ ಹಾಕಿದರಾ?

ಪೀಣ್ಯ ಫಿಟ್ಟರ್:
ಟೋಪಿ ಅಲ್ಲ, ಅದು ಅಚ್ಚಿನ ಗೆರೆ. 30 ವರ್ಷ ಟೂಲ್‌ರೂಮಿನಲ್ಲಿ ಡೈ, ಅಂದರೆ ಅಚ್ಚು, ಮಾಡಿದವನು ನಾನು. ಯಾವ ವಸ್ತು ಕೈಗೆ ಬಂದರೂ ಮೊದಲು ಹುಡುಕುವುದು ಪಾರ್ಟಿಂಗ್ ಲೈನನ್ನೇ, ಅಂದರೆ ಅಚ್ಚಿನ ಹೋಳುಗಳು ಕೂಡುವ ಗೆರೆಯನ್ನೇ. ಮಗಳ ಮನೆಗೆ ಇಂಗ್ಲೆಂಡಿಗೆ ಹೋದಾಗ ಬ್ರೋಸ್ಲಿಯ ಹಳೇ ಪೈಪ್ ಕಾರ್ಖಾನೆ ನೋಡಿದ್ದೆ. ಈಗ ಮ್ಯೂಸಿಯಂ. ಬಿಳಿ ಮಣ್ಣನ್ನು ಕೋಡುಬಳೆ ಹಿಟ್ಟಿನ ಹಾಗೆ ಹೊಸೆದು, ಒಂದು ತುದಿ ಮಾತ್ರ ದಪ್ಪ ಬಿಡುತ್ತಿದ್ದರು. ಸ್ವಲ್ಪ ಆರಿದ ಮೇಲೆ ಕೊಳವೆಯ ಉದ್ದಕ್ಕೂ ತಂತಿ ತೂರಿಸಬೇಕು. ಸೊಟ್ಟ ಹೋದರೆ ಪೈಪ್ ಹೋಯಿತು. ತಂತಿ ಸಮೇತ ಎರಡು ಹೋಳಿನ ಅಚ್ಚಿನಲ್ಲಿಟ್ಟು ಬಿಗಿದು, ಮೇಲಿಂದ ಗೂಟ ಒತ್ತಿದರೆ ಬಟ್ಟಲು.

ಹೋಳುಗಳು ಎಡಕ್ಕೆ, ಬಲಕ್ಕೆ ಬಿಚ್ಚಿಕೊಳ್ಳುತ್ತವೆ. ಹಾಗಾಗಿ ಗೆರೆ ಸರಿಯಾಗಿ ಮೂಗಿನ ಮೇಲೇ ಬೀಳುತ್ತದೆ! ಸುಡುವ ಮೊದಲು ಚಾಕುವಿನಿಂದ ಅದನ್ನು ಹೆರೆಯುವುದು ಹೆಚ್ಚಾಗಿ ಹೆಂಗಸರ ಕೆಲಸ. ಜಾಸ್ತಿ ಹೆರೆದರೆ ಅಜ್ಜನ ಮೂಗು ಚಪ್ಪಟೆ. ಗಡ್ಡದ ಎಳೆ ಮುಟ್ಟಿ ನೋಡಿ, ಯಾವುದೂ ಒಳಕ್ಕೆ ಕೊಕ್ಕೆಯಾಗಿ ತಿರುಗಿರುವುದಿಲ್ಲ. ತಿರುಗಿದ್ದರೆ ಮಣ್ಣು ಅಚ್ಚು ಬಿಟ್ಟು ಬರುವುದೇ ಇಲ್ಲ. ಅಚ್ಚು ಕೆತ್ತಿದವನ ಜಾಣತನ ಅಲ್ಲಿದೆ.

ಗುಜರಿ ಪ್ರೇಮಿ:
ಪ್ಯಾರಿಸ್ ಬರೀ ಹೆಸರಿಗೆ. ಗಾಂಬಿಯೆ ಕಾರ್ಖಾನೆ ಇದ್ದದ್ದು ಬೆಲ್ಜಿಯಂ ಗಡಿಯ ಜಿವೆ ಊರಿನಲ್ಲಿ. 1780ರಲ್ಲಿ ಶುರು, 1920ರ ದಶಕದಲ್ಲಿ ಬಾಗಿಲು. ಅಷ್ಟರಲ್ಲಿ ಜನ ಬ್ರೈಯರ್ ಮರದ ಪೈಪು, ಸಿಗರೇಟು ಹಿಡಿದಿದ್ದರು. ಜೇಕಬ್ ಚೆನ್ನಾಗಿ ಖರ್ಚಾಗುತ್ತಿದ್ದ, ಬೇರೆಯವರೂ ಅದೇ ತಲೆ ಮಾಡಿದರು. ಅದಕ್ಕೇ ‘ನಾನೇ ನಿಜವಾದವನು’. ನಮ್ಮ ಹೋಟೆಲುಗಳ ‘ಬೇರೆ ಶಾಖೆ ಇಲ್ಲ’ ಬೋರ್ಡ್ ಇದ್ದ ಹಾಗೆ, ಅಲ್ವಾ?

ಬ್ರಸೆಲ್ಸ್ ಹುಡುಗ:
ಸುಮ್ನೆ ಬಾಯಿಗಿಟ್ಟೆ, ತುಟಿಗೆ ಅಂಟಿಕೊಂಡಿತು! ಒಳಗೆ ಕಪ್ಪು ಕಿಟ್ಟ ಕೂತಿದೆ. ಸೋಪಿನಲ್ಲಿ ತೊಳೆಯಲಾ?

ಪೀಣ್ಯ ಫಿಟ್ಟರ್:
ಬೇಡ, ಮಣ್ಣು ಸೋಪು ಕುಡಿಯುತ್ತದೆ. ತುಟಿಗೆ ಅಂಟದಿರಲಿ ಅಂತಲೇ ತುದಿಗೆ ಮೇಣ ಹಚ್ಚುತ್ತಿದ್ದರು, ನಿಮ್ಮದರಲ್ಲಿ ಹೋಗಿರಬೇಕು. ಕಿಟ್ಟ ತೆಗೆಯಲು ಆಗಿನವರು ಪೈಪನ್ನೇ ಮತ್ತೆ ಬೆಂಕಿಗೆ ಹಾಕುತ್ತಿದ್ದರು, ಬೆಳ್ಳಗೆ ಹೊರಬರುತ್ತಿತ್ತು. ನೀವು ಹಾಗೆ ಮಾಡಬೇಡಿ. ಕಣ್ಣಿಗೆ ಬಣ್ಣ ಹಾಕಿದ್ದಾರಾ?

ಬ್ರಸೆಲ್ಸ್ ಹುಡುಗ:
ಎಡಗಣ್ಣಲ್ಲಿ ಒಂದು ಕಪ್ಪು ಚುಕ್ಕಿ ಉಳಿದಿದೆ ಸಾರ್. ಕಿಟ್ಟ ಅಂತ ಉಗುರಿನಿಂದ ಕೆರೆಯುತ್ತಿದ್ದೆ. ಈಗ ನಿಲ್ಲಿಸಿದೆ.