ಒಂದೇ ಸರ್ವರ್‌ನಿಂದ ಎಲ್ಲಾ ಬ್ರಾಂಚಿಗೂ ಟ್ಯಾಲಿ ಕೊಡುವುದು ಹೇಗೆ?

ಮಂಡಿಪೇಟೆ ಹುಡುಗ:
ಎಲ್ಲರಿಗೂ ನಮಸ್ಕಾರ. ದಾವಣಗೆರೆ ಎಪಿಎಂಸಿ ಯಾರ್ಡ್‌ನಲ್ಲಿ ಒಬ್ಬ ಮೆಕ್ಕೆಜೋಳದ ವ್ಯಾಪಾರಿಗಳ ಹತ್ರ ಕಂಪ್ಯೂಟರ್ ಕೆಲಸ ನೋಡಿಕೊಳ್ಳುತ್ತೇನೆ. ಮುಖ್ಯ ಅಂಗಡಿ ಇಲ್ಲಿ, ಹರಿಹರ ಮತ್ತು ಚಳ್ಳಕೆರೆಯಲ್ಲಿ ಒಂದೊಂದು ಬ್ರಾಂಚ್. ಟ್ಯಾಲಿ (ಲೆಕ್ಕ ಬರೆಯುವ ಸಾಫ್ಟ್‌ವೇರ್) ಡೇಟಾ ಪೂರ್ತಿ ಇಲ್ಲಿನ ಸಿಸ್ಟಮ್‌ನಲ್ಲಿದೆ. ಬ್ರಾಂಚಿನವರು ವಿಪಿಎನ್ (ಇಂಟರ್ನೆಟ್ ಒಳಗೇ ನಮ್ಮದೇ ಖಾಸಗಿ ಲೈನ್) ಹಾಕಿಕೊಂಡು ಆ ಫೋಲ್ಡರನ್ನೇ ಓಪನ್ ಮಾಡಿ ಕೆಲಸ ಮಾಡುತ್ತಾರೆ. ಒಂದು ವೋಚರ್ ಸೇವ್ ಆಗುವಷ್ಟರಲ್ಲಿ ಎದುರಿಗೆ ನಿಂತ ರೈತರಿಗೆ ಸಾಕಾಗಿ ಹೋಗುತ್ತದೆ. ಸೀಸನ್ನಿನಲ್ಲಂತೂ ಜಗಳವೇ ಆಗುತ್ತದೆ. ಸಾಫ್ಟ್‌ವೇರ್ ಸರ್ವರ್‌ನಲ್ಲೇ ಓಡಲಿ, ಬ್ರಾಂಚಿನವರಿಗೆ ಅದರ ಕಿಟಕಿ ಮಾತ್ರ ಕಾಣಿಸಲಿ ಅನ್ನೋದು ನನ್ನ ಯೋಚನೆ. ಒಟ್ಟು ಎಂಟು ಜನ ಬಳಸುತ್ತಾರೆ. ಬ್ರಾಂಚಿನಲ್ಲಿ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಇದೆ, ನುಡಿ ಸಾಫ್ಟ್‌ವೇರ್‌ನಲ್ಲಿ ಕನ್ನಡ ಟೈಪ್ ಮಾಡುವುದೂ ಇದೆ. ಸಾಹುಕಾರರು "ಇದೇನು ಹೊಸದಾಗಿ ಬಂದಿರೋದಾ, ನಂಬಬಹುದಾ?" ಅಂತ ಕೇಳುತ್ತಿದ್ದಾರೆ. ಯಾರಾದರೂ ಮಾಡಿದ್ದರೆ ದಾರಿ ತೋರಿಸಿ.

ಕೋಟೆ ಊರಿನವ:
ಧೈರ್ಯವಾಗಿ ಮಾಡಿ. ಹೊಸದೇನಲ್ಲ ಅಂತ ಸಾಹುಕಾರರಿಗೆ ಹೇಳಿ. ಸಿಟ್ರಿಕ್ಸ್‌ನವರು 1995ರಲ್ಲೇ ಇದೇ ಕೆಲಸಕ್ಕೆ ವಿನ್‌ಫ್ರೇಮ್ ಅನ್ನೋ ಸಾಫ್ಟ್‌ವೇರ್ ತಂದಿದ್ದರು. 1998ರಲ್ಲಿ ಮೈಕ್ರೋಸಾಫ್ಟ್ ತನ್ನ ವಿಂಡೋಸ್ ಎನ್‌ಟಿ 4.0ಗೆ ಟರ್ಮಿನಲ್ ಸರ್ವರ್ ಆವೃತ್ತಿ ಬಿಟ್ಟಿತು. ಪೂರ್ತಿ ಡೆಸ್ಕ್‌ಟಾಪ್ ಬೇಡ, ಒಂದು ಸಾಫ್ಟ್‌ವೇರ್‌ನ ಕಿಟಕಿ ಮಾತ್ರ ಸಾಕು ಅನ್ನೋ ನಿಮ್ಮ ಯೋಚನೆ ಇದೆಯಲ್ಲ, ಅದಕ್ಕೆ ರಿಮೋಟ್‌ಆಪ್ ಅಂತಾರೆ, ವಿಂಡೋಸ್ ಸರ್ವರ್ 2008ರಿಂದ ಇದೆ.

ಈಗ ನಿಧಾನ ಆಗುತ್ತಿರುವುದಕ್ಕೆ ಕಾರಣ ಇಂಟರ್ನೆಟ್ ಸ್ಪೀಡ್ ಒಂದೇ ಅಲ್ಲ. ಫೋಲ್ಡರ್ ಶೇರ್ ಮಾಡಿದಾಗ ಸಾಫ್ಟ್‌ವೇರ್ ಓಡುವುದು ಚಳ್ಳಕೆರೆಯಲ್ಲಿ, ಫೈಲ್ ಇರುವುದು ದಾವಣಗೆರೆಯಲ್ಲಿ. ಒಂದು ಎಂಟ್ರಿಗೆ ಎಷ್ಟೋ ಸಲ ಡೇಟಾ ಓದಿ ಬರೆಯಬೇಕು, ಪ್ರತಿ ಸಲವೂ ಅಲ್ಲಿಂದ ಇಲ್ಲಿಗೆ ಹೋಗಿ ಬರಬೇಕು. ರಿಮೋಟ್‌ಆಪ್‌ನಲ್ಲಿ ಸಾಫ್ಟ್‌ವೇರೂ ಡೇಟಾನೂ ಒಂದೇ ಕಡೆ ಇರುತ್ತವೆ. ಲೈನಿನಲ್ಲಿ ಓಡಾಡುವುದು ಕೀ ಒತ್ತಿದ್ದು, ಮೌಸ್ ಆಡಿಸಿದ್ದು, ಬದಲಾದ ಸ್ಕ್ರೀನ್ ಚಿತ್ರ, ಇಷ್ಟೇ.

ಕರೆಂಟಿನ ವಿಷಯಕ್ಕೂ ಇದು ಒಳ್ಳೆಯದು. ನಮ್ಮ ಎಣ್ಣೆ ಮಿಲ್ಲಿನಲ್ಲಿ ಹುಡುಗಿ ಅರ್ಧ ಬಿಲ್ ಹೊಡೆದಿದ್ದಳು, ಪಾರ್ಟಿ ಹೆಸರು, ಲಾರಿ ನಂಬರ್, ತೂಕ ಹಾಕಿ ಆಗಿತ್ತು, ರೇಟ್ ಹಾಕುವಾಗ ಕರೆಂಟ್ ಹೋಯಿತು. ವಾಪಸ್ ಬಂದ ಮೇಲೆ ಲಾಗಿನ್ ಆದರೆ ಕರ್ಸರ್ ಅದೇ ರೇಟ್ ಕಾಲಂನಲ್ಲಿ ಮಿನುಗುತ್ತಿತ್ತು. ಅವಳ ಸಿಸ್ಟಮ್ ಆಫ್ ಆದರೂ ಸರ್ವರ್‌ನಲ್ಲಿ ಸೆಷನ್, ಅಂದರೆ ಅವಳು ತೆರೆದಿಟ್ಟ ಕೆಲಸ, ಹಾಗೇ ಉಳಿದಿರುತ್ತದೆ. ಡಿಸ್‌ಕನೆಕ್ಟ್ ಆದ ಸೆಷನ್ ಎಷ್ಟು ಹೊತ್ತು ಉಳಿಯಬೇಕು ಅಂತ ಸರ್ವರ್‌ನ ಪಾಲಿಸಿ ಸೆಟ್ಟಿಂಗ್‌ನಲ್ಲಿ ಇಡಬಹುದು, ಎರಡು ಮೂರು ಗಂಟೆ ಇಡಿ. ಸರ್ವರ್‌ಗೆ ಮಾತ್ರ ಒಳ್ಳೇ ಯುಪಿಎಸ್ ಬೇಕೇ ಬೇಕು, ಅದು ಬಿದ್ದರೆ ಎಲ್ಲಾ ಬ್ರಾಂಚೂ ಒಟ್ಟಿಗೆ ನಿಲ್ಲುತ್ತದೆ.

ಕುಂದವಾಡ ಕೆರೆ:
ಲೈಸೆನ್ಸ್ ಬಗ್ಗೆ ಯಾರೂ ಹೇಳಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ವಿಂಡೋಸ್ 10, 11 ಪ್ರೊನಲ್ಲಿ ಒಂದು ಹೊತ್ತಿಗೆ ಒಬ್ಬರು ಮಾತ್ರ ಕೆಲಸ ಮಾಡಬಹುದು. ಪ್ಯಾಚ್ ಹಾಕಿ ಹತ್ತು ಜನರನ್ನು ಕೂರಿಸಿಕೊಡುತ್ತೇನೆ ಅಂತ ಯಾರಾದರೂ ಬಂದರೆ ಬೇಡ ಅನ್ನಿ. ಅದು ಲೈಸೆನ್ಸಿಗೆ ವಿರುದ್ಧ, ಮೇಲಾಗಿ ಒಂದು ವಿಂಡೋಸ್ ಅಪ್‌ಡೇಟ್ ಬಂದರೆ ಬೆಳಿಗ್ಗೆ ಯಾರಿಗೂ ಲಾಗಿನ್ ಆಗುವುದಿಲ್ಲ.

ವಿಂಡೋಸ್ ಸರ್ವರ್ ತಗೊಂಡರೂ ಆಡಳಿತದ ಕೆಲಸಕ್ಕೆ ಅಂತ ಎರಡು ಸೆಷನ್ ಅಷ್ಟೇ ಕೊಡುತ್ತದೆ. ಎಂಟು ಜನಕ್ಕೆ ಸರ್ವರ್ ಕ್ಯಾಲ್ (ಸರ್ವರ್ ಬಳಸುವುದಕ್ಕೆ ತಲೆಗೋ ಸಿಸ್ಟಮ್‌ಗೋ ಒಂದರಂತೆ ಬೇಕಾದ ಲೈಸೆನ್ಸ್), ಅದರ ಮೇಲೆ ಆರ್‌ಡಿಎಸ್ ಕ್ಯಾಲ್ (ಹೀಗೆ ದೂರದಿಂದ ಸೆಷನ್ ತೆರೆಯುವುದಕ್ಕೆ ಬೇಕಾದ ಲೈಸೆನ್ಸ್), ಎರಡೂ ಬೇಕು. ಮೊದಲ 120 ದಿನ ಆರ್‌ಡಿಎಸ್ ಕ್ಯಾಲ್ ಇಲ್ಲದೆಯೂ ನಡೆಯುತ್ತದೆ. ಸೆಟ್ ಮಾಡಿಕೊಟ್ಟವರು ಅದನ್ನು ಹೇಳದೆ ಹೋಗಿಬಿಟ್ಟರೆ ನಾಲ್ಕು ತಿಂಗಳಾದ ಮೇಲೆ ಅಂಗಡಿಯವರ ಪಾಡು ಯಾರಿಗೂ ಬೇಡ. ಇನ್ನೊಂದು, ಡೊಮೇನ್ (ಎಲ್ಲರ ಲಾಗಿನ್ ಒಂದೇ ಕಡೆ ನೋಡಿಕೊಳ್ಳುವ ವ್ಯವಸ್ಥೆ) ಇಲ್ಲದೆ ವರ್ಕ್‌ಗ್ರೂಪ್‌ನಲ್ಲಿ (ಪ್ರತಿ ಸಿಸ್ಟಮ್‌ಗೂ ಅದರದ್ದೇ ಲಾಗಿನ್) ಇಡುವುದಾದರೆ ಪರ್ ಡಿವೈಸ್ ಕ್ಯಾಲ್ ತಗೊಳ್ಳಿ. ಅಲ್ಲಿ ಪರ್ ಯೂಸರ್ ಹಾಕಿದರೆ ಸರ್ವರ್ 2019ರಿಂದ ಈಚೆಗೆ ಒಂದು ಗಂಟೆಗೆ ಸೆಷನ್ ಕಟ್ ಆಗುತ್ತದೆ. ರಿಮೋಟ್‌ಆಪ್ ಸಲೀಸಾಗಿ ಆಗಬೇಕೆಂದರೆ ಡೊಮೇನ್ ಮಾಡಿಕೊಳ್ಳುವುದೇ ಒಳ್ಳೆಯದು. ಟ್ಯಾಲಿ ಲೈಸೆನ್ಸೂ ನೋಡಿಕೊಳ್ಳಿ, ಸಿಲ್ವರ್ ಅನ್ನೋ ಲೈಸೆನ್ಸ್ ಒಬ್ಬರಿಗೆ ಮಾತ್ರ.

ಬಾತಿ ಕ್ರಾಸ್:
ಇಷ್ಟೆಲ್ಲಾ ಯಾಕೆ? ರೂಟರ್‌ನಲ್ಲಿ 3389 ಪೋರ್ಟ್ (ಆರ್‌ಡಿಪಿ, ಅಂದರೆ ವಿಂಡೋಸ್ ರಿಮೋಟ್ ಕನೆಕ್ಷನ್ ಬರುವ ದಾರಿ) ಓಪನ್ ಮಾಡಿ, ಮನೆಯಿಂದಲೂ ಕೆಲಸ ಮಾಡಬಹುದು.

ಕೋಟೆ ಊರಿನವ:
ದಯವಿಟ್ಟು ಹಾಗೆ ಮಾಡಬೇಡಿ ಅಣ್ಣ. ಇಂಟರ್ನೆಟ್‌ನಲ್ಲಿ ಆ ಪೋರ್ಟ್ ಹುಡುಕುವುದಕ್ಕೇ ಮಷಿನ್‌ಗಳು ಹಗಲೂ ರಾತ್ರಿ ಓಡುತ್ತಿರುತ್ತವೆ, ಸಿಕ್ಕ ತಕ್ಷಣ ಪಾಸ್‌ವರ್ಡ್ ಊಹಿಸುವುದಕ್ಕೆ ಶುರು. 2019ರ ಮೇ ತಿಂಗಳಲ್ಲಿ ಈ ಆರ್‌ಡಿಪಿಯಲ್ಲೇ ಬ್ಲೂಕೀಪ್ ಅನ್ನೋ ತೂತು ಹೊರಬಿತ್ತು. ವಿಂಡೋಸ್ 7, ಸರ್ವರ್ 2008 ಆರ್2 ಇದ್ದವರ ಸಿಸ್ಟಮ್‌ಗೆ ಪಾಸ್‌ವರ್ಡೇ ಇಲ್ಲದೆ ನುಗ್ಗಬಹುದಿತ್ತು. ಅದರ ಗಂಭೀರತೆ ನೋಡಿ ಮೈಕ್ರೋಸಾಫ್ಟ್ ಯಾವತ್ತೋ ಕೈಬಿಟ್ಟಿದ್ದ ವಿಂಡೋಸ್ ಎಕ್ಸ್‌ಪಿಗೂ ಆ ತೂತು ಮುಚ್ಚುವ ಪ್ಯಾಚ್ ಬಿಟ್ಟಿತು. ಯಾರೋ ನುಗ್ಗಿ ಡೇಟಾಗೆ ಬೀಗ ಹಾಕಿ ದುಡ್ಡು ಕೇಳಿದರೆ ಮೂರೂ ಊರಿನ ಲೆಕ್ಕ ಹೋಯಿತು. ಈಗಿರುವ ವಿಪಿಎನ್ ಹಾಗೇ ಇರಲಿ, ಆರ್‌ಡಿಪಿ ಅದರೊಳಗೇ ಓಡಲಿ. ಇಲ್ಲಾಂದ್ರೆ ಆರ್‌ಡಿ ಗೇಟ್‌ವೇ (ಆರ್‌ಡಿಪಿಗೆ ಕಾವಲು ಬಾಗಿಲು) ಹಾಕಿ, ಅದು ಸುರಕ್ಷಿತ ವೆಬ್‌ಸೈಟ್‌ಗಳು ಬಳಸುವ 443 ಪೋರ್ಟ್‌ನಲ್ಲಿ ಬರುತ್ತದೆ, ಜೊತೆಗೆ ಮೊಬೈಲ್ ಒಟಿಪಿಯೂ ಇರಲಿ. ಬ್ಯಾಕಪ್ ಡಿಸ್ಕನ್ನು ಸುಮ್ನೆ ಸರ್ವರ್‌ಗೆ ಚುಚ್ಚಿಯೇ ಇಡಬೇಡಿ, ತೆಗೆದು ಬೇರೆ ಕಡೆ ಇಡಿ.

ಹೊಂಡದ ಸರ್ಕಲ್:
ಪ್ರಿಂಟರ್ ಬಗ್ಗೆ ಒಂದು ಮಾತು. ವಿಂಡೋಸ್ ತಾನಾಗಿಯೇ ಈಸಿ ಪ್ರಿಂಟ್ ಅನ್ನೋ ಡ್ರೈವರ್ ಹಾಕಿಕೊಳ್ಳುತ್ತದೆ. ಅದರಲ್ಲಿ ಪುಟ ಅಕ್ಷರವಾಗಿ ಅಲ್ಲ, ಚಿತ್ರದ ಹಾಗೆ ಪ್ರಿಂಟ್ ಆಗುತ್ತದೆ. ಲೇಸರ್‌ಗೆ ಪರವಾಗಿಲ್ಲ, ಡಾಟ್ ಮ್ಯಾಟ್ರಿಕ್ಸ್‌ನಲ್ಲಿ ಮಾತ್ರ ಹೆಡ್ ಒಂದೊಂದು ಸಾಲಿಗೂ ಹೋಗಿ ಬಂದು ಹೋಗಿ ಬಂದು ಚೀಟಿ ಹೊರಗೆ ಬರುವಷ್ಟರಲ್ಲಿ ಲಾರಿ ಡ್ರೈವರ್ ಟೀ ಕುಡಿದು ಬಂದಿರುತ್ತಾನೆ. ಪಾಲಿಸಿಯಲ್ಲಿ ಈಸಿ ಪ್ರಿಂಟ್ ಮೊದಲು ಅನ್ನೋದನ್ನು ಆಫ್ ಮಾಡಿ, ನಿಮ್ಮ ಪ್ರಿಂಟರ್‌ನ ಸ್ವಂತ ಡ್ರೈವರನ್ನು ಸರ್ವರ್‌ನಲ್ಲೂ ಹಾಕಿ. ಬ್ರಾಂಚಿನ ಸಿಸ್ಟಮ್‌ನಲ್ಲಿ ಇರುವ ಹೆಸರಿನಲ್ಲೇ, ಅಕ್ಷರ ವ್ಯತ್ಯಾಸ ಆಗಬಾರದು.

ನುಡಿಯನ್ನೂ ಸರ್ವರ್‌ನಲ್ಲೇ ಹಾಕಬೇಕು, ಫಾಂಟ್ ಸಮೇತ. ಬ್ರಾಂಚಿಗೆ ಹೋಗುವುದು ಚಿತ್ರ ಮಾತ್ರ ಅಲ್ವಾ, ಅಲ್ಲಿ ಫಾಂಟ್ ಇಲ್ಲದಿದ್ದರೂ ಕನ್ನಡ ಸರಿಯಾಗಿ ಕಾಣುತ್ತದೆ.

ಮಂಡಿಪೇಟೆ ಹುಡುಗ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಲೈಸೆನ್ಸ್ ಖರ್ಚು ಕೇಳಿ ಸಾಹುಕಾರರು ಮೊದಲು ಮುಖ ಗಂಟು ಹಾಕಿದರು, ಕರೆಂಟ್ ಹೋದರೂ ಬಿಲ್ ಉಳಿಯುತ್ತದೆ ಅಂದ ಮೇಲೆ ಒಪ್ಪಿದರು. ಮೊದಲು ಹರಿಹರ ಒಂದನ್ನೇ ಸರ್ವರ್‌ಗೆ ತರುತ್ತೇನೆ, ಪ್ರಿಂಟರ್ ಸರಿಯಾಯಿತು ಅಂದ ಮೇಲೆ ಚಳ್ಳಕೆರೆ. ಸರ್ವರ್ ಇರುವ ಕಡೆ ರಸ್ತೆ ಅಗೆದಾಗೆಲ್ಲ ಫೈಬರ್ ಕಟ್ ಆಗುತ್ತದೆ, ಎರಡನೇ ಲೈನ್‌ಗೆ 4ಜಿ ರೂಟರ್ ಸಾಕಾಗುತ್ತದಾ?

ಕೋಟೆ ಊರಿನವ:
ಎಂಟು ಜನರ ಟ್ಯಾಲಿಗೆ ಸಾಕು. ಬೇರೆ ಕಂಪನಿಯ ಸಿಮ್ ಹಾಕಿ. ಆದರೆ ಸಿಮ್‌ನಲ್ಲಿ ಸಾಮಾನ್ಯವಾಗಿ ಪಬ್ಲಿಕ್ ಐಪಿ (ಹೊರಗಿನಿಂದ ನೇರವಾಗಿ ತಲುಪುವ ಇಂಟರ್ನೆಟ್ ವಿಳಾಸ) ಕೊಡುವುದಿಲ್ಲ, ಹೊರಗಿನಿಂದ ವಿಪಿಎನ್ ಒಳಗೆ ಬರುವುದಿಲ್ಲ. ಟೈಲ್‌ಸ್ಕೇಲ್ ತರಹದ, ಪಬ್ಲಿಕ್ ಐಪಿ ಇಲ್ಲದೆಯೂ ನಡೆಯುವ ವಿಪಿಎನ್ ಹಾಕಿಕೊಂಡರೆ ಆ ತೊಂದರೆ ಇರುವುದಿಲ್ಲ. ಒಂದು ಭಾನುವಾರ ಫೈಬರ್ ವೈರ್ ನೀವೇ ಕಿತ್ತು ನೋಡಿ, ತಾನಾಗಿ 4ಜಿಗೆ ಹೋಗುತ್ತದಾ ಅಂತ.